ಓದುಗರ ಪ್ರಶ್ನೆ, ನಮ್ಮ ಉತ್ತರ: ಪಾಲಿನೇಷ್ಯಾ ದ್ವೀಪಗಳ ಮನೆ, ಬಳಗ ಮತ್ತು ಊಟ

ಪಾಲಿನೇಷ್ಯಾ ದ್ವೀಪಗಳ ರೀತಿರಿವಾಜು, ಮನೆತನ ಮತ್ತು ಊಟೋಪಚಾರದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವು ಕುತೂಹಲದಿಂದ ಬರೆದವು, ಕೆಲವು ನ್ಯೂಜಿಲೆಂಡಿನಲ್ಲಿ ದುಡಿಯುತ್ತಿರುವ ಮಕ್ಕಳ ಚಿಂತೆಯಿಂದ ಬರೆದವು. ಉತ್ತರದಲ್ಲಿ ಹವಾಯಿ, ನೈರುತ್ಯದಲ್ಲಿ ನ್ಯೂಜಿಲೆಂಡ್, ಆಗ್ನೇಯದಲ್ಲಿ ಈಸ್ಟರ್ ದ್ವೀಪವೆಂದು ಹೆಸರಾದ ರಾಪಾ ನುಯಿ, ಈ ಮೂರನ್ನು ಗೆರೆಯೆಳೆದು ಕೂಡಿಸಿದರೆ ಪೆಸಿಫಿಕ್ ಸಾಗರದ ಮೇಲೆ ಒಂದು ದೊಡ್ಡ ತ್ರಿಕೋನವಾಗುತ್ತದೆ. ಸಮೋವಾ, ಟೋಂಗಾ, ತಾಹಿತಿ, ಕುಕ್ ದ್ವೀಪಗಳೆಲ್ಲ ಅದರೊಳಗೇ ಬರುತ್ತವೆ. ಸುಮಾರು 2800 ವರ್ಷಗಳ ಹಿಂದೆ ಟೋಂಗಾ ಮತ್ತು ಸಮೋವಾಗಳನ್ನು ಮುಟ್ಟಿದ ಕಡಲಯಾನಿಗಳ ಸಂತತಿಯೇ ಮುಂದೆ ಉಳಿದ ದ್ವೀಪಗಳಿಗೆ ಹಬ್ಬಿ, ಎಲ್ಲಕ್ಕಿಂತ ಕೊನೆಗೆ, ಹದಿಮೂರನೆಯ ಶತಮಾನದ ಹೊತ್ತಿಗೆ, ನ್ಯೂಜಿಲೆಂಡಿಗೆ ಬಂದು ಸೇರಿತು. ಆದ್ದರಿಂದ ಭಾಷೆ, ಬೆಳೆ, ನಡವಳಿಕೆಗಳಲ್ಲಿ ಹೋಲಿಕೆ ಬಹಳ. ಆದರೂ ಒಂದು ದ್ವೀಪದ ಮಾತನ್ನು ಎಲ್ಲ ದ್ವೀಪಗಳಿಗೂ ಅನ್ವಯಿಸಬಾರದೆಂದು, ಯಾವ ರೂಢಿ ಎಲ್ಲಿಯದೆಂಬುದನ್ನು ಆಯಾ ಉತ್ತರದಲ್ಲಿಯೇ ಹೇಳಿದ್ದೇವೆ.

ನನ್ನ ಮಗ ಮತ್ತು ಸೊಸೆ ಆಕ್ಲೆಂಡಿನಲ್ಲಿದ್ದಾರೆ. ಪಕ್ಕದ ಮನೆಯವರು ಸಮೋವಾದವರು. ಬಹಳ ಪ್ರೀತಿಯಿಂದ ಭಾನುವಾರದ ಊಟಕ್ಕೆ ಕರೆದಿದ್ದಾರಂತೆ. ನಾವು ಲಿಂಗಾಯತರು, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗದಿದ್ದರೆ ಅವರಿಗೆ ಬೇಸರ, ಹೋದರೆ ಇವರು ಉಣ್ಣುವುದೇನು? ಅಲ್ಲಿ ಹೇಗೆ ನಡೆದುಕೊಳ್ಳಬೇಕು?
ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ

ತಾಯಿ, ಇಬ್ಬರೂ ಅವಶ್ಯವಾಗಿ ಹೋಗಿ ಬರಲಿ. ಸಮೋವಾದವರಿಗೆ ಭಾನುವಾರದ ಮಧ್ಯಾಹ್ನದ ಊಟವೇ ವಾರದ ದೊಡ್ಡ ಊಟ. ಅದನ್ನು ಅವರು ತೊಒನಾಯಿ ಎಂದು ಕರೆಯುತ್ತಾರೆ. ಸ್ವಂತ ಊರಿನಲ್ಲಿದ್ದರೆ ನಸುಕಿನಲ್ಲಿಯೇ ಮನೆಯ ಹುಡುಗರು ಬೆಂಕಿ ಹೊತ್ತಿಸಿ, ಅದರಲ್ಲಿ ಕಲ್ಲುಗಳನ್ನು ಕಾಯಿಸಿ, ಕಾದ ಕಲ್ಲುಗಳ ನಡುವೆ ಕೆಸುವಿನ ಗಡ್ಡೆ, ಬಾಳೆಕಾಯಿ, ಮೀನು, ಮಾಂಸ, ಎಲೆಯಲ್ಲಿ ಕಟ್ಟಿದ ಪೊಟ್ಟಣಗಳನ್ನು ಜೋಡಿಸಿ, ಮೇಲೆ ಬಾಳೆಯ ಎಲೆಗಳನ್ನು ದಪ್ಪನಾಗಿ ಹೊದಿಸುತ್ತಾರೆ. ಉಮು ಎಂದು ಹೆಸರಾದ ಈ ಒಲೆಯ ಕೆಲಸ ಗಂಡುಮಕ್ಕಳದು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಬಿಳಿಯ ಬಟ್ಟೆ ತೊಟ್ಟು ಚರ್ಚಿಗೆ ಹೋದ ಮನೆಮಂದಿ ಮರಳುವ ಹೊತ್ತಿಗೆ ಊಟ ಸಿದ್ಧವಾಗಿರುತ್ತದೆ. ಆಕ್ಲೆಂಡಿನಲ್ಲಿ ಅನೇಕರು ಇದೇ ಅಡುಗೆಯನ್ನು ಮನೆಯೊಳಗಿನ ಓವನ್ನಿನಲ್ಲಿ ಮಾಡಿಕೊಳ್ಳುತ್ತಾರೆ.

ಉಣ್ಣುವುದೇನು ಎಂಬ ಚಿಂತೆಗೆ ಕಾರಣವಿಲ್ಲ, ಏಕೆಂದರೆ ಅವರ ಊಟದ ಆಧಾರವೇ ಗಡ್ಡೆಗೆಣಸು ಮತ್ತು ತೆಂಗಿನ ಹಾಲು. ಬೇಯಿಸಿದ ಕೆಸುವಿನ ಗಡ್ಡೆ ಅಥವಾ ಬಾಳೆಕಾಯಿಗೆ ಉಪ್ಪು, ಉಳ್ಳಾಗಡ್ಡಿ ಸೇರಿಸಿದ ತೆಂಗಿನ ಹಾಲನ್ನು ಸುರಿದು ಕುದಿಸುವ ಫಾಲಿಫು ಎಂಬ ಪದಾರ್ಥವಿದೆ. ಎಳೆಯ ಕೆಸುವಿನ ಎಲೆಗಳಲ್ಲಿ ತೆಂಗಿನ ಹಾಲನ್ನು ಕಟ್ಟಿ ಬೇಯಿಸುವ ಪಲುಸಾಮಿ ಇದೆ. ಕಳಿತ ಬಾಳೆಹಣ್ಣು, ಸಾಬೂದಾಣಿ, ತೆಂಗಿನ ಹಾಲು ಸೇರಿಸಿ ಮಾಡುವ ಸುಆಫಾಯಿ ನಮ್ಮ ಪಾಯಸಕ್ಕೆ ಹತ್ತಿರದ್ದು. ಎಚ್ಚರ ಬೇಕಾದುದು ಎರಡು ಕಡೆ. ಪಲುಸಾಮಿಯೊಳಗೆ ಕೆಲವರು ಡಬ್ಬಿಯ ದನದ ಮಾಂಸವನ್ನು ಸೇರಿಸುತ್ತಾರೆ. ಸಾಪಾಸುಯಿ ಎಂಬ ಶಾವಿಗೆಯಂಥ ಪದಾರ್ಥ ನೋಡಲು ಶಾಕಾಹಾರದಂತಿದ್ದರೂ ಸಾಮಾನ್ಯವಾಗಿ ಅದರಲ್ಲಿ ಮಾಂಸವಿರುತ್ತದೆ. ಈ ಎರಡನ್ನು ಕೇಳಿಯೇ ಬಡಿಸಿಕೊಳ್ಳಬೇಕು.

ಮುಖ್ಯವಾದ ಮಾತೆಂದರೆ, ತಾವು ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲವೆಂದೂ ಅದು ಮನೆತನದ ಧರ್ಮವೆಂದೂ ಒಂದೆರಡು ದಿನ ಮೊದಲೇ ತಿಳಿಸಬೇಕು. ಎಲೆಯ ಮುಂದೆ ಕುಳಿತ ಮೇಲೆ ಬೇಡವೆನ್ನುವುದು ಕರೆದವರನ್ನು ಪೇಚಿಗೆ ಸಿಲುಕಿಸುತ್ತದೆ. ಧರ್ಮದ ಕಾರಣಕ್ಕೆ ಒಂದು ಆಹಾರವನ್ನು ಬಿಡುವುದು ಸಮೋವಾದವರಿಗೆ ಅಪರಿಚಿತವಲ್ಲ. ಅವರಲ್ಲಿಯೇ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರು ಹಂದಿಯ ಮಾಂಸವನ್ನು ಮುಟ್ಟುವುದಿಲ್ಲ. ಕಾರಣವನ್ನು ಗೌರವದಿಂದ ಹೇಳಿದರೆ ಗೌರವದಿಂದಲೇ ಸ್ವೀಕರಿಸುತ್ತಾರೆ.

ನಡವಳಿಕೆ ನಿಮ್ಮ ಮಗನಿಗೆ ಕಷ್ಟವಾಗಲಾರದು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕು. ಚಾಪೆಯ ಮೇಲೆ ಕುಳಿತರೆ ಚಕ್ಕಳಮಕ್ಕಳ ಹಾಕಿಕೊಳ್ಳಬೇಕು, ಯಾರ ಕಡೆಗೂ ಕಾಲು ಚಾಚಬಾರದು. ಕುಳಿತವರ ಮುಂದಿನಿಂದ ಹಾಯುವಾಗ ಬೆನ್ನು ಬಾಗಿಸಿ, ತುಲೋ ಎಂದು ಮೆಲ್ಲಗೆ ಹೇಳಿ ಹಾಯಬೇಕು. ಹೊರಗಿನವರ ಬಾಯಲ್ಲಿ ಈ ಒಂದು ಮಾತು ಕೇಳಿದರೆ ಮನೆಯ ಹಿರಿಯರಿಗೆ ಬಹಳ ಸಂತೋಷವಾಗುತ್ತದೆ. ಪ್ರಾರ್ಥನೆ ಮುಗಿಯುವವರೆಗೆ ತುತ್ತು ಎತ್ತಬಾರದು. ಹಿರಿಯರಿಗೂ ಅತಿಥಿಗಳಿಗೂ ಮೊದಲು ಬಡಿಸಿ ಕಿರಿಯರು ಆಮೇಲೆ ಉಣ್ಣುವುದು ಅಲ್ಲಿಯ ಕ್ರಮ. ಆದ್ದರಿಂದ ಮನೆಯ ಹುಡುಗರು ಹುಡುಗಿಯರು ನಿಂತೇ ಇದ್ದಾರೆಂದು ಸಂಕೋಚಪಟ್ಟು ಇವರೂ ಕೈ ಕಟ್ಟಿ ಕೂಡಬಾರದು. ಅತಿಥಿ ಉಂಡ ಮೇಲೆಯೇ ಅವರ ಸರದಿ. ವರ್ಷಕ್ಕೊಂದು ದಿನ, ಅಕ್ಟೋಬರದ ಎರಡನೆಯ ಭಾನುವಾರ, ಈ ಕ್ರಮ ತಿರುಗುತ್ತದೆ: ಅಂದು ಮಕ್ಕಳು ಮೊದಲು ಉಣ್ಣುತ್ತಾರೆ, ದೊಡ್ಡವರು ಬಡಿಸುತ್ತಾರೆ.

ಬರಿಗೈಯಲ್ಲಿ ಹೋಗುವುದು ಬೇಡ. ಸೊಸೆಗೆ ಶೇಂಗಾದ ಹೋಳಿಗೆ ಮಾಡಲು ಬರುತ್ತಿದ್ದರೆ ಅದಕ್ಕಿಂತ ಒಳ್ಳೆಯ ಕಾಣಿಕೆ ಇಲ್ಲ. ನಾಲ್ಕು ಜನರ ಲೆಕ್ಕದಲ್ಲಿ ಒಯ್ಯದೆ ಹದಿನೈದು ಜನರಿಗೆ ಸಾಲುವಷ್ಟು ಒಯ್ಯಲಿ, ಏಕೆಂದರೆ ಆ ಊಟಕ್ಕೆ ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪಂದಿರ ಮಕ್ಕಳೆಲ್ಲ ಸೇರುವುದುಂಟು. ಮರಳುವಾಗ ಉಳಿದ ಅಡುಗೆಯನ್ನು ಕಟ್ಟಿಕೊಟ್ಟರೆ ಬೇಡವೆನ್ನಬಾರದು.

ಜೋಳ, ಗೋದಿ, ಅಕ್ಕಿ ಯಾವುದೂ ಇಲ್ಲದೆ ಈ ದ್ವೀಪದ ಜನ ಸಾವಿರಾರು ವರ್ಷ ಬದುಕಿದ್ದು ಹೇಗೆ? ಬರಗಾಲ ಬಂದರೆ ಅವರು ಏನನ್ನು ಕೂಡಿಟ್ಟುಕೊಳ್ಳುತ್ತಿದ್ದರು?
ಕಾಲೇಜು ವಿದ್ಯಾರ್ಥಿನಿ, ಮುಧೋಳ

ತಂಗಿ, ಒಳ್ಳೆಯ ಪ್ರಶ್ನೆ ಕೇಳಿರುವೆ. ಕಡಲ ಮೇಲೆ ಹೊರಟ ಆ ಪೂರ್ವಿಕರು ದೋಣಿಯಲ್ಲಿ ತಮ್ಮ ಹೊಲವನ್ನೇ ಹೇರಿಕೊಂಡು ಹೋದರೆನ್ನಬೇಕು. ಕೆಸುವು, ಬಳ್ಳಿಗೆಣಸು, ಬಾಳೆ, ತೆಂಗು, ಕಬ್ಬು, ಬೇರುಹಲಸು, ಇವುಗಳ ಸಸಿ, ಬಿತ್ತು, ಗಡ್ಡೆಗಳ ಜೊತೆಗೆ ಹಂದಿ, ನಾಯಿ, ಕೋಳಿಗಳೂ ಪ್ರಯಾಣ ಮಾಡಿದವು. ಎಲ್ಲ ದ್ವೀಪಕ್ಕೂ ಎಲ್ಲವೂ ತಲುಪಲಿಲ್ಲ. ನ್ಯೂಜಿಲೆಂಡಿನ ಚಳಿಗೆ ತೆಂಗೂ ಬೇರುಹಲಸೂ ಬದುಕಲಿಲ್ಲ, ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನ ಗೆಣಸನ್ನು ನೆಚ್ಚಿಕೊಂಡರು. ಬೆಳಗಾವಿ, ಖಾನಾಪುರದ ಹೊಲಗಳಲ್ಲಿ ಬೆಳೆಯುವ ಅದೇ ಗೆಣಸು. ಅದರ ಮೂಲ ದಕ್ಷಿಣ ಅಮೆರಿಕ. ನಮ್ಮ ದೇಶಕ್ಕೆ ಅದು ಯುರೋಪಿಯನ್ನರ ಹಡಗುಗಳ ಕಾಲದಲ್ಲಿ ಬಂದಿತು. ಪಾಲಿನೇಷ್ಯಾದಲ್ಲಿಯಾದರೋ ಯುರೋಪಿನ ಯಾವ ಹಡಗೂ ಕಾಣಿಸಿಕೊಳ್ಳುವುದಕ್ಕೆ ಶತಮಾನಗಳ ಮೊದಲೇ ಗೆಣಸು ಬೆಳೆಯುತ್ತಿತ್ತು. ಕುಕ್ ದ್ವೀಪಗಳ ಮಂಗಾಯಿಯಾದಲ್ಲಿ ಅಗೆತದಿಂದ ಸಿಕ್ಕ ಗೆಣಸಿನ ಸುಟ್ಟ ತುಣುಕುಗಳು ಇದಕ್ಕೆ ಸಾಕ್ಷಿ.

ಕೂಡಿಡುವುದರ ಬಗ್ಗೆ ಕೇಳಿದ್ದೀಯಲ್ಲ, ಅದಕ್ಕೆ ನಮ್ಮ ಭಾಗದ ಹಗೇವನ್ನು ನೆನಪಿಸಿಕೊಳ್ಳಬೇಕು. ವಿಜಯಪುರ ಬಾಗಲಕೋಟೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿ ಬರಗಾಲಕ್ಕೆಂದು ಇಡುತ್ತಿದ್ದರು. ಮಾರ್ಕೆಸಾಸ್, ಸಮೋವಾ, ತಾಹಿತಿಗಳಲ್ಲಿ ಕಾಯಿಯ ಕಾಲ ಬಂದಾಗ ಬೇರುಹಲಸು ಮನೆಮಂದಿಗೆ ತಿಂದು ತೀರದಷ್ಟು ಬೀಳುತ್ತದೆ, ಉಳಿದ ತಿಂಗಳುಗಳಲ್ಲಿ ಅಭಾವ. ಅವರು ಅದನ್ನು ಸುಲಿದು, ನೆಲದಲ್ಲಿ ಕುಳಿ ತೋಡಿ ಎಲೆಗಳನ್ನು ಹಾಸಿ, ಒತ್ತೊತ್ತಾಗಿ ತುಂಬಿ, ಮೇಲೆ ಎಲೆ ಮತ್ತು ಕಲ್ಲು ಹೇರಿ ಹುಳಿ ಬರಿಸುತ್ತಿದ್ದರು. ಹೀಗೆ ಹುಳಿಯಾದ ಹಿಟ್ಟಿನಂಥ ಪದಾರ್ಥ ವರ್ಷಗಟ್ಟಲೆ ಕೆಡುವುದಿಲ್ಲ. ಚಂಡಮಾರುತ ಬಂದು ಗಿಡಗಳೆಲ್ಲ ಉರುಳಿದಾಗ ಕುಳಿಯನ್ನು ತೆರೆದು, ಬೇಕಾದಷ್ಟು ತೆಗೆದು, ಬೇರೆ ಪದಾರ್ಥಗಳ ಜೊತೆ ನಾದಿ ಬೇಯಿಸಿ ಉಣ್ಣುತ್ತಿದ್ದರು. ಹಗೇವು ಒಣಗಿದ್ದಷ್ಟು ಕಾಲ ಜೋಳವನ್ನು ಕಾಯುತ್ತದೆ. ಅವರ ಕುಳಿಯಲ್ಲಿ ಕಾಯುವುದು ಹುಳಿ. ಮಳೆ ಹೆಚ್ಚಿರುವ ನಾಡಿನಲ್ಲಿ ಒಣಗಿಸಿಡುವುದಕ್ಕಿಂತ ಹುಳಿ ಬರಿಸುವುದೇ ಸರಿಯಾದ ಉಪಾಯವೆಂದು ಅವರು ಕಂಡುಕೊಂಡದ್ದು ಸಣ್ಣ ಜಾಣತನವಲ್ಲ.

ಬೇರುಹಲಸು ನಮ್ಮ ಹಲಸಿನ ದಾಯಾದಿ. ದಕ್ಷಿಣ ಕನ್ನಡದವರು ಅದನ್ನು ಜೀಗುಜ್ಜೆ ಎನ್ನುತ್ತಾರೆ. ತಾಹಿತಿಯಿಂದ ಇದರ ಸಸಿಗಳನ್ನು ವೆಸ್ಟ್ ಇಂಡೀಸಿನ ತೋಟಗಳ ಗುಲಾಮರ ಹೊಟ್ಟೆಗೆಂದು ಸಾಗಿಸುತ್ತಿದ್ದ ಬೌಂಟಿ ಎಂಬ ಬ್ರಿಟಿಷ್ ಹಡಗಿನಲ್ಲಿಯೇ 1789ರಲ್ಲಿ ಹೆಸರಾದ ಆ ನಾವಿಕರ ದಂಗೆ ನಡೆಯಿತು.

ಕೆಸುವಿನ ವಿಷಯ ಬೇರೆ. ಹವಾಯಿಯಲ್ಲಿ ಕೆಸುವು ಬೆಳೆ ಮಾತ್ರವಲ್ಲ, ಮನೆಯ ಹಿರಿಯಣ್ಣ. ಅವರ ಪುರಾಣದ ಪ್ರಕಾರ ದೇವತೆಗಳಿಗೆ ಹುಟ್ಟಿದ ಮೊದಲ ಕೂಸು ಉಸಿರಿಲ್ಲದೆ ಹುಟ್ಟಿತು. ಹುಗಿದ ಜಾಗದಲ್ಲಿ ಕೆಸುವಿನ ಗಿಡ ಚಿಗುರಿತು. ಆಮೇಲೆ ಹುಟ್ಟಿದ ತಮ್ಮನೇ ಹಾಲೋವಾ, ಮನುಷ್ಯರ ಮೂಲಪುರುಷ. ಅಣ್ಣ ತಮ್ಮನಿಗೆ ಅನ್ನವಿಕ್ಕುತ್ತಾನೆ, ತಮ್ಮ ಅಣ್ಣನ ಗದ್ದೆಯನ್ನು ನೋಡಿಕೊಳ್ಳುತ್ತಾನೆ. ಬೇಯಿಸಿದ ಗಡ್ಡೆಯನ್ನು ಕಲ್ಲಿನಿಂದ ಜಜ್ಜಿ, ನೀರು ಬೆರೆಸಿ ಮಾಡಿದ ಪೋಯಿಯ ಬೋಗುಣಿ ನಡುವೆ ತೆರೆದಿರುವಾಗ ಮನೆಯವರು ಜಗಳವಾಡಬಾರದೆಂಬ ರೂಢಿ ಈ ನಂಬಿಕೆಯಿಂದಲೇ ಬಂದದ್ದು. ಊಟದ ಹೊತ್ತಿನಲ್ಲಿ ಹಿರಿಯಣ್ಣ ಎದುರಿಗೇ ಇದ್ದಾನೆ.

ಫಿಜಿ ದೇಶವೂ ಪಾಲಿನೇಷ್ಯಾಕ್ಕೆ ಸೇರಿದ್ದೇ? ಅಲ್ಲಿ ಭಾರತೀಯರು ಬಹಳ ಇದ್ದಾರಲ್ಲ.
ಓದುಗರು, ಇಂಡಿ

ಫಿಜಿಯನ್ನು ಸಾಮಾನ್ಯವಾಗಿ ಪಶ್ಚಿಮದ ನೆರೆಯ ದ್ವೀಪಗಳ ಗುಂಪಾದ ಮೆಲನೇಷ್ಯಾಕ್ಕೆ ಸೇರಿಸುತ್ತಾರೆ. ಆದರೆ ಟೋಂಗಾ ಸಮೋವಾಗಳ ಜೊತೆ ಅದಕ್ಕೆ ಕೊಡುಕೊಳ್ಳುವಿಕೆ ಹಳೆಯದು, ಅದರ ಆಡಳಿತಕ್ಕೆ ಒಳಪಟ್ಟ ರೊಟೂಮಾ ದ್ವೀಪದವರು ಪಾಲಿನೇಷ್ಯನ್ನರು. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಕೂಲಿಗಳಾಗಿ ಅಲ್ಲಿಯ ಕಬ್ಬಿನ ತೋಟಗಳಿಗೆ ಒಯ್ಯಲಾಯಿತು. 1903ರಿಂದ ಮದ್ರಾಸಿನ ಮೂಲಕ ದಕ್ಷಿಣದವರೂ ಹೋದರು. ಅವರ ಕಥೆಗೆ ಬೇರೆಯೇ ಒಂದು ಸಂಚಿಕೆ ಬೇಕು.

ಪಾಲಿನೇಷ್ಯಾದ ಕುಟುಂಬವನ್ನು ನಮ್ಮ ಅವಿಭಕ್ತ ಕುಟುಂಬಕ್ಕೆ ಹೋಲಿಸಬಹುದೇ? ಅಲ್ಲಿ ಯಜಮಾನಿಕೆ ಯಾರದು, ಆಸ್ತಿ ಯಾರದು, ಸಂಬಂಧಗಳನ್ನು ಹೇಗೆ ಎಣಿಸುತ್ತಾರೆ?
ನಿವೃತ್ತ ಶಿಕ್ಷಕರು, ಸಿಂದಗಿ

ಗುರುಗಳೇ, ಹೊರಗಿನಿಂದ ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ, ಒಳಗೆ ಹೋದಂತೆ ವ್ಯತ್ಯಾಸ ದೊಡ್ಡದಾಗುತ್ತದೆ. ಸಮೋವಾದಲ್ಲಿ ಐಂಗಾ ಎಂದರೆ ತಂದೆಯ ಕಡೆ, ತಾಯಿಯ ಕಡೆ, ಮದುವೆಯಿಂದ ಕೂಡಿದವರು, ಸಾಕಿಕೊಂಡವರು ಎಲ್ಲರನ್ನೂ ಒಳಗೊಂಡ ಬಳಗ. ಅದರ ಮುಖ್ಯಸ್ಥನಿಗೆ ಮತಾಯಿ ಎಂಬ ಪದವಿ. ನಮ್ಮಲ್ಲಿ ಯಜಮಾನಿಕೆ ಹಿರಿಯ ಮಗನಿಗೆ ತಾನಾಗಿ ಬರುವುದುಂಟು; ಅಲ್ಲಿ ಬಳಗದವರೆಲ್ಲ ಕುಳಿತು ಚರ್ಚಿಸಿ, ಒಮ್ಮತಕ್ಕೆ ಬಂದು ಆ ಪದವಿಯ ಹೆಸರನ್ನು ಯೋಗ್ಯರಿಗೆ ಕೊಡುತ್ತಾರೆ, ಹೆಣ್ಣುಮಕ್ಕಳೂ ಅದನ್ನು ಪಡೆಯಬಹುದು. ದೇಶದ ಸುಮಾರು ಎಂಬತ್ತು ಪ್ರತಿಶತ ಭೂಮಿ ಇಂದಿಗೂ ಬಳಗಗಳ ಸಾಂಪ್ರದಾಯಿಕ ಭೂಮಿ. ಮತಾಯಿ ಅದನ್ನು ಹಂಚಿ ನೋಡಿಕೊಳ್ಳುವವನೇ ಹೊರತು ಮಾರುವ ಒಡೆಯನಲ್ಲ. 1990ರ ಜನಮತಗಣನೆಯವರೆಗೆ ಸಂಸತ್ತಿನ ಬಹುತೇಕ ಸ್ಥಾನಗಳಿಗೆ ಮತಾಯಿಗಳು ಮಾತ್ರ ಮತ ಹಾಕುತ್ತಿದ್ದರು. ಈಗ ಮತ ಎಲ್ಲರಿಗೂ ಉಂಟು, ಚುನಾವಣೆಗೆ ನಿಲ್ಲುವ ಹಕ್ಕು ಮತಾಯಿಗಳದೇ. 2021ರಲ್ಲಿ ಫಿಯಾಮೆ ನವೋಮಿ ಮತಾಅಫಾ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಫಿಯಾಮೆ ಎಂಬುದು ಅವರ ಮತಾಯಿ ಪದವಿಯ ಹೆಸರು.

ಸಂಬಂಧಗಳ ಎಣಿಕೆಯಲ್ಲಿ ನಮಗೂ ಅವರಿಗೂ ಹಳೆಯ ಶಾಸ್ತ್ರೀಯ ನಂಟು ಒಂದಿದೆ. 1871ರಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಜಗತ್ತಿನ ಬಂಧುತ್ವ ಪದ್ಧತಿಗಳನ್ನು ಪಟ್ಟಿ ಮಾಡಿದಾಗ ಹವಾಯಿಯವರ ಪದ್ಧತಿಯನ್ನೂ ದಕ್ಷಿಣ ಭಾರತದವರ ಪದ್ಧತಿಯನ್ನೂ ಎರಡು ಬೇರೆ ಬೇರೆ ಮಾದರಿಗಳೆಂದು ವಿವರಿಸಿದನು. ನಾವು ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನು ಅಣ್ಣತಮ್ಮ, ಅಕ್ಕತಂಗಿ ಎನ್ನುತ್ತೇವೆ. ಸೋದರಮಾವನ ಮಕ್ಕಳನ್ನು, ಸೋದರತ್ತೆಯ ಮಕ್ಕಳನ್ನು ಬೇರೆಯಾಗಿ ಎಣಿಸುತ್ತೇವೆ, ಅವರೊಂದಿಗೆ ಬೀಗತನ ಬೆಳೆಸುತ್ತೇವೆ. ಹವಾಯಿಯ ಎಣಿಕೆಯಲ್ಲಿ ಈ ಭೇದವಿಲ್ಲ: ಎಲ್ಲರ ಮಕ್ಕಳೂ ಒಡಹುಟ್ಟಿದವರೇ, ತಂದೆತಾಯಿಯ ತಲೆಮಾರಿನವರೆಲ್ಲ ತಂದೆತಾಯಿಗಳೇ. ಆದ್ದರಿಂದ ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಭಾಗದ ರೂಢಿಯನ್ನು ಸಮೋವಾದ ಸಾಮಾನ್ಯ ಕುಟುಂಬದವರು ಕೇಳಿದರೆ ಬೆಚ್ಚಿಬೀಳುತ್ತಾರೆ. ಹವಾಯಿಯ ಹಳೆಯ ಅರಸು ಮನೆತನಗಳಲ್ಲಿ ಮಾತ್ರ ರಕ್ತದ ಶುದ್ಧಿಗೆಂದು ಅತಿ ಹತ್ತಿರದ ಮದುವೆಗಳು ನಡೆಯುತ್ತಿದ್ದವು. ಅದು ಪ್ರಜೆಗಳ ರೀತಿಯಾಗಿರಲಿಲ್ಲ.

ಟೋಂಗಾದ ಒಂದು ಪದ್ಧತಿ ನನ್ನನ್ನು ಬಹುಕಾಲದಿಂದ ಸೆಳೆದಿದೆ. ಅಲ್ಲಿ ಒಡಹುಟ್ಟಿದವರಲ್ಲಿ ಗಂಡಿಗಿಂತ ಹೆಣ್ಣು ಮೇಲು. ತಂದೆಯ ಅಕ್ಕ, ಅಂದರೆ ಸೋದರತ್ತೆ, ಮನೆಯ ಅತ್ಯುನ್ನತ ವ್ಯಕ್ತಿ. ಮದುವೆಯಲ್ಲಿ, ಅಂತ್ಯಕ್ರಿಯೆಯಲ್ಲಿ ಫಹು ಎಂಬ ಗೌರವಸ್ಥಾನದಲ್ಲಿ ಆಕೆಯನ್ನು, ಇಲ್ಲವೆ ಆಕೆಯ ಮಕ್ಕಳನ್ನು ಕೂಡಿಸಿ, ಬಂದ ಕಾಣಿಕೆಗಳಲ್ಲಿ ಶ್ರೇಷ್ಠವಾದುದನ್ನು ಆ ಸ್ಥಾನಕ್ಕೆ ಒಪ್ಪಿಸುತ್ತಾರೆ. ಅಣ್ಣತಂಗಿಯರ ನಡುವೆ ಸಲಿಗೆಗಿಂತ ಮರ್ಯಾದೆ ಹೆಚ್ಚು. ಹಿಂದೆ ಪ್ರಾಯಕ್ಕೆ ಬಂದ ಗಂಡುಮಕ್ಕಳು ಅಕ್ಕತಂಗಿಯರಿರುವ ಮನೆಯಲ್ಲಿ ಮಲಗದೆ ಬೇರೆ ಗುಡಿಸಲಿನಲ್ಲಿ ಮಲಗುತ್ತಿದ್ದರು. ನಮ್ಮಲ್ಲಿ ಕೂಸಿಗೆ ಹೆಸರಿಡುವ ದಿನ ಮಾತ್ರ ಸೋದರತ್ತೆಗೆ ದೊರೆಯುವ ಮನ್ನಣೆ ಅಲ್ಲಿ ಜೀವನಪೂರ್ತಿ ನಡೆಯುತ್ತದೆ.

ದತ್ತಕದ ಬಗ್ಗೆಯೂ ಹೇಳಬೇಕು. ಹವಾಯಿಯಲ್ಲಿ ಹಾನಾಯಿ ಎಂಬ ಪದ್ಧತಿಯಂತೆ ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯರು ಕೇಳಿ ಪಡೆದು ಸಾಕುತ್ತಿದ್ದರು, ಗಂಡಾದರೆ ತಂದೆಯ ಕಡೆಯವರು, ಹೆಣ್ಣಾದರೆ ತಾಯಿಯ ಕಡೆಯವರು. ತಾಹಿತಿಯಲ್ಲಿ, ಮಾವೊರಿಗಳಲ್ಲಿ ಇದೇ ಬಗೆಯ ರೂಢಿ ಬೇರೆ ಹೆಸರಿನಲ್ಲಿದೆ. ಹೆತ್ತವರು ಯಾರೆಂಬುದನ್ನು ಮಗುವಿನಿಂದ ಮುಚ್ಚಿಡುವುದಿಲ್ಲ; ಮಗುವಿಗೆ ಎರಡು ಮನೆ ಸಿಗುತ್ತದೆ, ಹಿರಿಯರ ಬಾಯಿಂದ ವಂಶಾವಳಿ, ಹಾಡು, ಕೈಕಸುಬುಗಳು ನೇರವಾಗಿ ಮೊಮ್ಮಗುವಿಗೆ ಇಳಿಯುತ್ತವೆ.

ನಾವು ನೇಕಾರರು. ಆ ದ್ವೀಪಗಳಲ್ಲಿ ಮಗ್ಗವೇ ಇರಲಿಲ್ಲವೆಂದು ಓದಿದೆ. ಹಾಗಾದರೆ ಮದುವೆ ಮುಂಜಿಗಳಲ್ಲಿ ಆಯೇರಿಗೆ ಅವರು ಕೊಡುತ್ತಿದ್ದುದು ಏನು?
ಓದುಗರು, ಇಳಕಲ್

ಮಗ್ಗದ ನೇಯ್ಗೆ ಪಾಲಿನೇಷ್ಯಾದಲ್ಲಿ ಇರಲಿಲ್ಲವೆನ್ನುವುದು ಸರಿ. ಬಟ್ಟೆಯ ಕೆಲಸವನ್ನು ತಾಪಾ ಎಂಬ ತೊಗಟೆಯ ಹಾಳೆ ಮಾಡುತ್ತಿತ್ತು. ಕಾಗದದ ಹಿಪ್ಪುನೇರಳೆ ಗಿಡದ ಒಳತೊಗಟೆಯನ್ನು ಸುಲಿದು, ನೆನೆಸಿ, ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದು ಬಡಿದು ಅಗಲಿಸಿ, ಗಡ್ಡೆಯ ಗಂಜಿಯಿಂದ ಒಂದಕ್ಕೊಂದು ಅಂಟಿಸಿ, ಗಿಡಗಳ ಬಣ್ಣದಿಂದ ಚಿತ್ತಾರ ಬಿಡಿಸುತ್ತಾರೆ. ಟೋಂಗಾದಲ್ಲಿ ಹೆಂಗಸರು ಗುಂಪಾಗಿ ಕುಳಿತು ಮಾಡುವ ಈ ಹಾಳೆಗಳು ಅಂಗಳವನ್ನೇ ಮುಚ್ಚುವಷ್ಟು ಉದ್ದವಾಗಿರುತ್ತವೆ.

ಇನ್ನೊಂದು ಕೈಹೆಣಿಗೆಯ ಚಾಪೆ, ಮತ್ತು ಇದು ನಿಮ್ಮಂಥ ಕಸುಬುದಾರರಿಗೆ ಹೆಚ್ಚು ಹಿಡಿಸೀತು. ಸಮೋವಾದ ನಯ ಚಾಪೆಯನ್ನು ಕೇದಗೆ ಜಾತಿಯ ಗಿಡದ ಎಲೆಗಳಿಂದ, ಅವುಗಳನ್ನು ಬೇಯಿಸಿ, ಬಿಸಿಲಿಗೆ ಬೆಳ್ಳಗಾಗಿಸಿ, ಎಳೆಎಳೆಯಾಗಿ ಸೀಳಿ ಹೆಣೆಯುತ್ತಾರೆ. ಒಂದು ಚಾಪೆಗೆ ತಿಂಗಳುಗಟ್ಟಲೆ, ಅತಿ ನಯವಾದುದಕ್ಕೆ ವರ್ಷಗಟ್ಟಲೆ ಕಾಲ ಹಿಡಿಯುತ್ತದೆ. ಮುಟ್ಟಿದರೆ ರೇಷ್ಮೆಯ ನುಣುಪು. ಇದನ್ನು ನೆಲಕ್ಕೆ ಹಾಸುವುದಿಲ್ಲ. ಮದುವೆ, ಅಂತ್ಯಕ್ರಿಯೆ, ಮತಾಯಿ ಪದವಿಯ ಪ್ರದಾನ, ತಪ್ಪಿಗೆ ಕ್ಷಮೆ ಕೇಳುವ ವಿಧಿ, ಇವುಗಳಲ್ಲಿ ಕೊಡುವುದಕ್ಕೆಂದೇ ಅದು ಇರುವುದು. ಕೈಯಿಂದ ಕೈಗೆ ಹೋದಷ್ಟೂ, ಯಾರ ಮದುವೆಗೆ, ಯಾರ ಶವದ ಮೇಲೆ ಇತ್ತೆಂಬ ಚರಿತ್ರೆ ಕೂಡಿದಷ್ಟೂ ಅದರ ಬೆಲೆ ಏರುತ್ತದೆ. 2019ರಲ್ಲಿ ಯುನೆಸ್ಕೊ ಈ ಚಾಪೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊಟ್ಟದ್ದು ಮರಳಿ ಬರಬೇಕೆಂಬ ನಿಯಮ ನಮ್ಮ ಮುಯ್ಯಿಯಂತೆಯೇ ಇದೆ. ನಾವು ಮುಯ್ಯಿಯನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತೇವೆ, ಅವರಲ್ಲಿ ಒಬ್ಬ ವಾಗ್ಮಿ ಎದ್ದು ನಿಂತು, ಇಂಥವರು ಇಂತಿಷ್ಟು ಚಾಪೆ, ಇಂತಿಷ್ಟು ಹಂದಿ, ಇಂತಿಷ್ಟು ಹಣ ತಂದಿದ್ದಾರೆಂದು ಎಲ್ಲರಿಗೂ ಕೇಳುವಂತೆ ಸಾರುತ್ತಾನೆ. ಬಂದದ್ದರಲ್ಲಿ ಹೆಚ್ಚಿನ ಪಾಲನ್ನು ಅಂದೇ ಮತ್ತೆ ಬಂದವರಿಗೆ ಹಂಚುತ್ತಾರೆ. ಕೂಡಿಟ್ಟವನಿಗಿಂತ ಹಂಚಿದವನು ದೊಡ್ಡವನು. ಇದರ ಭಾರವೂ ಸಣ್ಣದಲ್ಲ: ಆಕ್ಲೆಂಡ್, ಸಿಡ್ನಿಗಳಲ್ಲಿ ದುಡಿಯುವ ಸಮೋವಾದ ಕುಟುಂಬಗಳು ಊರಿನ ಒಂದೊಂದು ಸಾವಿಗೆ, ಮದುವೆಗೆ ಸಾಲ ಮಾಡಿ ಹಣ ಕಳುಹಿಸುವುದುಂಟು, ಕಿರಿಯರು ಇದನ್ನು ಬಹಿರಂಗವಾಗಿ ಪ್ರಶ್ನಿಸುವುದೂ ಉಂಟು. ಮದುವೆಯ ಸಾಲಕ್ಕೆ ಹೊಲ ಒತ್ತೆಯಿಟ್ಟ ಕುಟುಂಬಗಳು ನಮ್ಮ ಜಿಲ್ಲೆಗಳಲ್ಲಿಯೂ ಇರುವುದರಿಂದ ಆ ಕಿರಿಯರ ಮಾತಿನಲ್ಲಿ ನ್ಯಾಯವಿದೆಯೆಂದೇ ನನಗೆ ತೋರುತ್ತದೆ. ಆದರೆ ಸಂಕಟ ಬಂದಾಗ ಬಳಗವೇ ಕೈ ಹಿಡಿಯುವ ನಾಡಿನಲ್ಲಿ ಈ ಪದ್ಧತಿಯನ್ನು ದುಂದುವೆಚ್ಚವೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ಗಂಡಸರೆಲ್ಲ ಉಂಡ ಮೇಲೆ ಹೆಂಗಸರು ಉಣ್ಣುವ ರೂಢಿ ನಮ್ಮ ಮನೆಯಲ್ಲಿ ಇಂದಿಗೂ ಇದೆ. ಆ ದ್ವೀಪಗಳಲ್ಲಿ ಹೇಗೆ?
ಗೃಹಿಣಿ, ನವನಗರ, ಬಾಗಲಕೋಟೆ

ತಾಯಿ, ಹಳೆಯ ಹವಾಯಿಯ ಕಟ್ಟಳೆ ನಿಮ್ಮ ಮನೆಯದಕ್ಕಿಂತ ಕಠಿಣವಾಗಿತ್ತು. ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತು ಉಣ್ಣುವುದು ಧರ್ಮನಿಷಿದ್ಧ. ಉಣ್ಣುವ ಮನೆಗಳು ಬೇರೆ, ಬೇಯಿಸುವ ಒಲೆಗಳು ಬೇರೆ. ಎರಡೂ ಒಲೆಗಳಲ್ಲಿ ಬೇಯಿಸುವ ದುಡಿಮೆ ಮಾತ್ರ ಗಂಡಸರದು. ಹೆಂಗಸರು ಹಂದಿಯ ಮಾಂಸ, ತೆಂಗಿನಕಾಯಿ, ಬಾಳೆಹಣ್ಣಿನ ಬಹುತೇಕ ಜಾತಿಗಳು, ಕೆಲವು ಮೀನುಗಳನ್ನು ತಿನ್ನಕೂಡದು. ಮೀರಿದರೆ ಮರಣದಂಡನೆಯವರೆಗೂ ಶಿಕ್ಷೆ ಇತ್ತು.

ಈ ಕಟ್ಟಳೆ ಮುರಿದ ಬಗೆ ಹೆಂಗಸರೆಲ್ಲ ತಿಳಿಯಬೇಕಾದದ್ದು. ದ್ವೀಪಗಳನ್ನೆಲ್ಲ ಒಂದು ರಾಜ್ಯವಾಗಿ ಕೂಡಿಸಿದ ಕಮೇಹಮೇಹಾ ಅರಸ 1819ರಲ್ಲಿ ತೀರಿಕೊಂಡ ಮೇಲೆ, ಅವನ ಪ್ರೀತಿಯ ರಾಣಿ ಕಾಅಹುಮಾನು ಮತ್ತು ಹೊಸ ಅರಸನ ತಾಯಿ ಕೆಯೊಪುಓಲಾನಿ ಇಬ್ಬರೂ ಕೂಡಿ, ತರುಣ ಅರಸ ಲಿಹೋಲಿಹೋ ಬಹಿರಂಗವಾಗಿ ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಣ್ಣುವಂತೆ ಮಾಡಿದರು. ಆ ಒಂದು ಊಟದೊಂದಿಗೆ ಹಳೆಯ ನಿಷೇಧಗಳ ವ್ಯವಸ್ಥೆಯೇ ಕುಸಿಯಿತು. ಕ್ರೈಸ್ತ ಪಾದ್ರಿಗಳು ಹವಾಯಿಗೆ ಬಂದು ಇಳಿದದ್ದು 1820ರಲ್ಲಿ, ಇದಾದ ಮೇಲೆ. ಅಂದರೆ ಆ ಬದಲಾವಣೆ ಹೊರಗಿನವರು ತಂದದ್ದಲ್ಲ, ಮನೆಯೊಳಗಿನ ಹೆಣ್ಣುಮಕ್ಕಳೇ ನಿಂತು ಮಾಡಿಸಿದ್ದು. ಇಂದಿನ ಸಮೋವಾ, ಟೋಂಗಾಗಳಲ್ಲಿ ಮೊದಲು ಯಾರಿಗೆ ಬಡಿಸಬೇಕೆಂಬುದು ವಯಸ್ಸು, ಪದವಿ, ಅತಿಥಿತನದ ಮೇಲೆ ನಿಲ್ಲುತ್ತದೆ. ಹಿರಿಯಳಾದ ಹೆಣ್ಣುಮಗಳು ಕಾಯುತ್ತ ನಿಂತಿರುವಾಗ ಕಿರಿಯ ಹುಡುಗ ಎಲೆಯ ಮುಂದೆ ಕೂಡುವಂತಿಲ್ಲ. ನಿಮ್ಮ ಮನೆಯಲ್ಲಿಯೂ ಒಂದು ದಿನ ಎಲ್ಲರೂ ಒಟ್ಟಿಗೆ ಕುಳಿತು ನೋಡಿರಿ. ಬಿಸಿ ರೊಟ್ಟಿ ಬಡಿದು ಕೊಡುವವರು ಬೇಕಲ್ಲ ಎಂದರೆ, ಉಮು ಕಾಯಿಸುವ ಸಮೋವಾದ ಹುಡುಗರ ಉದಾಹರಣೆಯನ್ನು ನಿಮ್ಮ ಗಂಡುಮಕ್ಕಳಿಗೆ ಹೇಳಬಹುದು.

ಈ ದ್ವೀಪಗಳಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ ಬಹಳ ಎಂದು ಕೇಳಿದ್ದೇನೆ. ಇದು ಅವರ ಊಟದ ದೋಷವೇ?
ವೈದ್ಯಕೀಯ ವಿದ್ಯಾರ್ಥಿ, ಅಥಣಿ

ಹಳೆಯ ಊಟದ ದೋಷವಲ್ಲ, ಅದರ ಜಾಗದಲ್ಲಿ ಬಂದು ಕುಳಿತ ಊಟದ ದೋಷ. ಗಡ್ಡೆ, ಸೊಪ್ಪು, ಮೀನುಗಳ ಊಟವನ್ನು ಇಪ್ಪತ್ತನೆಯ ಶತಮಾನದಲ್ಲಿ ಡಬ್ಬಿಯ ಮಾಂಸ, ಸಕ್ಕರೆ, ಮೈದಾ, ಬಿಳಿ ಅಕ್ಕಿ ಹಿಂದಕ್ಕೆ ತಳ್ಳಿದವು. ಶ್ರೀಮಂತ ದೇಶಗಳಲ್ಲಿ ಮಾರಾಟವಾಗದ ಕೊಬ್ಬಿನ ತುಂಡುಗಳು, ಕುರಿಯ ಹೊಟ್ಟೆಯ ಭಾಗ, ಟರ್ಕಿ ಕೋಳಿಯ ಬಾಲ, ಅಗ್ಗದ ದರದಲ್ಲಿ ದ್ವೀಪಗಳಿಗೆ ಬಂದು ಬೀಳತೊಡಗಿದವು. ಸಮೋವಾ 2007ರಲ್ಲಿ ಟರ್ಕಿ ಬಾಲದ ಆಮದನ್ನು ನಿಷೇಧಿಸಿತು. ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಲು ಆ ನಿಷೇಧವನ್ನು ಬಿಡಬೇಕಾಗಿ ಬಂದು 2013ರಲ್ಲಿ ತೆರವಾಯಿತು. ಒಂದು ಪುಟ್ಟ ದೇಶ ತನ್ನ ಜನರ ಆರೋಗ್ಯಕ್ಕೆಂದು ಹಾಕಿದ ಬೇಲಿಯನ್ನು ವ್ಯಾಪಾರದ ಹೆಸರಿನಲ್ಲಿ ಕೀಳಿಸಿದ್ದು ಅನ್ಯಾಯವೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ವಂಶವಾಹಿಯ ಪಾತ್ರವೂ ಸ್ವಲ್ಪ ಇದೆ: 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸಮೋವಾದವರಲ್ಲಿ ಕಾಣುವ ಒಂದು ವಂಶವಾಹಿ ರೂಪ ದೇಹದ ತೂಕವನ್ನು ಹೆಚ್ಚಿಸುತ್ತದೆಂದು ತೋರಿಸಿತು, ಆದರೆ ಅದೇ ರೂಪ ಉಳ್ಳವರಿಗೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯೆಂದೂ ಅದೇ ಸಂಶೋಧನೆ ಹೇಳಿತು. ಆದ್ದರಿಂದ ಎಲ್ಲವನ್ನೂ ರಕ್ತದ ಮೇಲೆ ಹೊರಿಸುವುದು ತಪ್ಪಾಗುತ್ತದೆ.

ಮಾಂಸವಿಲ್ಲದ ಪಲುಸಾಮಿಯನ್ನು ನಮ್ಮ ಮನೆಯಲ್ಲಿ ಮಾಡಬಹುದೇ? ಮಾಡುವ ವಿಧಾನ ತಿಳಿಸಿರಿ.
ಓದುಗರು, ಬೈಲಹೊಂಗಲ

ಅವಶ್ಯವಾಗಿ ಮಾಡಬಹುದು. ಬೆಳಗಾವಿ ಕಡೆಯ ಮನೆಗಳಲ್ಲಿ ಅಳೂವಡಿಗೆ ಬಳಸುವ ಎಳೆಯ ಕೆಸುವಿನ ಎಲೆಗಳನ್ನು ತೊಳೆದು, ದಪ್ಪನೆಯ ನಾರು ಮತ್ತು ತೊಟ್ಟು ತೆಗೆಯಿರಿ. ನಾಲ್ಕೈದು ಎಲೆಗಳನ್ನು ಒಂದರ ಮೇಲೊಂದು ಇಟ್ಟು ಬೊಗಸೆಯಲ್ಲಿ ಬಟ್ಟಲಿನಂತೆ ಹಿಡಿದು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಉಪ್ಪು, ಮೊದಲ ಹಿಂಡಿನ ದಪ್ಪ ತೆಂಗಿನ ಹಾಲನ್ನು ಅದರೊಳಗೆ ಹಾಕಿರಿ. ಎಲೆಯ ಅಂಚುಗಳನ್ನು ಒಳಕ್ಕೆ ಮಡಚಿ, ಬಾಡಿಸಿದ ಬಾಳೆಯ ಎಲೆಯಲ್ಲಿ ಬಿಗಿಯಾಗಿ ಸುತ್ತಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಒಂದು ತಾಸಿಗೆ ಕಡಿಮೆಯಿಲ್ಲದಂತೆ ಬೇಯಿಸಿರಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುವುದರಿಂದ ಅರೆಬೆಂದರೆ ಗಂಟಲು ತುರಿಸುತ್ತದೆ. ದ್ವೀಪದವರು ಇದನ್ನು ದೀರ್ಘವಾಗಿ ಬೇಯಿಸಿಯೇ ನಿವಾರಿಸುತ್ತಾರೆ. ನಿಮಗೆ ಸಿಕ್ಕ ಎಲೆಯ ಬಗ್ಗೆ ಸಂಶಯವಿದ್ದರೆ ನಮ್ಮ ಪದ್ಧತಿಯಂತೆ ಒಳಗೆ ತೆಳ್ಳಗೆ ಹುಣಸೆಯ ರಸ ಸವರಿದರೂ ನಡೆಯುತ್ತದೆ. ಜೋಳದ ರೊಟ್ಟಿಯ ಜೊತೆ ಇದು ಅಷ್ಟಾಗಿ ಹೊಂದುವುದಿಲ್ಲ. ಬೇಯಿಸಿದ ಗೆಣಸು ಅಥವಾ ಬಾಳೆಕಾಯಿಯ ಹೋಳುಗಳೊಡನೆ ಬಡಿಸಿರಿ, ಖಾರದ ಚಟ್ನಿಯನ್ನು ಬದಿಗಿಟ್ಟುಕೊಳ್ಳಿರಿ, ಏಕೆಂದರೆ ಮೂಲ ಪದಾರ್ಥದಲ್ಲಿ ಖಾರವೆಂಬುದು ಇಲ್ಲ.